ಆ ಬಿಂದುಗಳನ್ನು ಅಳಿಸಬೇಡಿ: ವಿಮಾನದಿಂದ ನೆಲ ಅಳೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಯಾವುದೋ ಒಂದು ಕಚೇರಿಯ ವಿಳಾಸಕ್ಕೆ ಬರೆದದ್ದಲ್ಲ. ನದಿ ಉಕ್ಕಿದರೆ ನೀರು ಎಲ್ಲಿಗೆ ನುಗ್ಗುತ್ತದೆ ಅಂತ ಲೆಕ್ಕ ಹಾಕುವವರು, ಕಾಡಿನಲ್ಲಿ ಎಷ್ಟು ಮರ ಉಳಿದಿದೆ ಅಂತ ಎಣಿಸುವವರು, ಹೊಸ ರಸ್ತೆಗೆ ಗೆರೆ ಎಳೆಯುವವರು, ನೀವೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ಯಾವ ದೇಶದವರಾದರೂ ಸರಿ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯುವ ಕೆಲಸ ನಿಮ್ಮದು. ಇದಕ್ಕೆ ಲೈಡಾರ್ ಅಂತಾರೆ. ಲೇಸರ್ ಬಡಿದು ವಾಪಸ್ ಬಂದ ಒಂದೊಂದು ಜಾಗಕ್ಕೂ ಒಂದೊಂದು ಬಿಂದು. ನೀವು ಅಳೆದಿಟ್ಟ ನೆಲವನ್ನು ಸಂಜೆ ಹೊತ್ತು ಕಂಪ್ಯೂಟರ್ ಮುಂದೆ ಕೂತು ನೋಡುವ ಹುಚ್ಚು ನನ್ನದು. ಹಳೆಯ ಒಡ್ಡು, ಕಂದಕ, ಕಾಲುದಾರಿ, ಸಾವಿರಾರು ವರ್ಷದ ಹಿಂದಿನ ಹೊಲದ ಬದು, ಇವನ್ನು ಹುಡುಕುತ್ತೇನೆ. ಸಿಕ್ಕಿದ್ದು ನಿಜವೇ ಅಂತ ನೋಡಲು ರಜೆ ದಿನ ಹೋಗಿ ನಡೆಯುತ್ತೇನೆ.

ಕೇಳುವುದು ಒಂದೇ. ನಿಮಗೆ ಬೇಕಾದ ನಕ್ಷೆ ತಯಾರಾದ ಮೇಲೆ, ಅದಕ್ಕೆ ಬಳಸಿದ ಮೂಲ ಬಿಂದುಗಳನ್ನು ಅಳಿಸಬೇಡಿ. ಇಟ್ಟುಕೊಳ್ಳಿ. ಆದರೆ ಬೀಗ ಹಾಕಿ ಇಡಬೇಡಿ.

ಯಾಕೆ ಈ ಮಾತು ಅಂದರೆ, ಒಮ್ಮೆ ನನಗೇ ಹೀಗಾಯಿತು. ಹೆಸರು ಬೇಡ, ಒಂದು ಕಚೇರಿಗೆ ಬರೆದಿದ್ದೆ. ಒಂದು ಕಾಡಿನ ಲೈಡಾರ್ ಡೇಟಾ ಕೇಳಿದ್ದೆ. ತುಂಬಾ ಮರ್ಯಾದೆಯಿಂದ ಉತ್ತರಿಸಿದರು, ಫೈಲ್ ಕಳಿಸಿದರು. ತೆರೆದು ನೋಡಿದರೆ ಐದೈದು ಮೀಟರ್ ಅಗಲದ ಚೌಕಗಳು. ಪ್ರತಿ ಚೌಕಕ್ಕೆ ಒಂದೇ ಎತ್ತರ. ಪ್ರವಾಹದ ಲೆಕ್ಕಕ್ಕೆ ಅದು ಸಾಕು, ಒಪ್ಪುತ್ತೇನೆ. ಆದರೆ ಎರಡು ಮೀಟರ್ ಅಗಲದ ಹಳೆಯ ಗೋಡೆ ಆ ಚೌಕದೊಳಗೆ ಕರಗಿ ಹೋಗುತ್ತದೆ. ಮೂಲ ಬಿಂದುಗಳನ್ನು ಕೊಡ್ತೀರಾ ಅಂತ ಮತ್ತೆ ಬರೆದೆ. ಡಿಸ್ಕ್‌ನಲ್ಲಿ ಜಾಗ ಸಾಲದೆ ಅಳಿಸಿದ್ದಾರಂತೆ. ವಿಮಾನ ಹಾರಿಸಿದ ಖರ್ಚಿನ ಮುಂದೆ ಆ ಡಿಸ್ಕ್‌ನ ಖರ್ಚು ಏನೂ ಅಲ್ಲ. ಆದರೂ ಹೋಯಿತು. ಆ ಕಾಡಿನಲ್ಲಿ ಈಗ ಅರ್ಧ ಮರ ಕಡಿದಾಗಿದೆ, ಭಾರದ ಯಂತ್ರಗಳ ಚಕ್ರ ನೆಲವನ್ನು ಉತ್ತು ಹಾಕಿವೆ. ಇನ್ನೊಮ್ಮೆ ಹಾರಿದರೂ ಅದೇ ನೆಲ ಸಿಗುವುದಿಲ್ಲ.

ಈಗ ಇನ್ನೊಂದು ಕಥೆ ಹೇಳುತ್ತೇನೆ. ಇದು ಡೇಟಾ ಅಳಿಸದೆ ಉಳಿಸಿಕೊಂಡವರದ್ದು.

ಮೆಕ್ಸಿಕೋದ ಕಾಡುಗಳಲ್ಲಿ ಎಷ್ಟು ಇಂಗಾಲ ಇದೆ ಅಂತ ತಿಳಿಯಲು 2013ರಲ್ಲಿ ಲೈಡಾರ್ ಹಾರಾಟ ನಡೆಯಿತು. ಪುರಾತತ್ವಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೆಲಸ ಮುಗಿಯಿತು, ಡೇಟಾ ಇಂಟರ್ನೆಟ್‌ನಲ್ಲಿ ಒಂದು ಮೂಲೆಯಲ್ಲಿ ಕೂತಿತ್ತು. ವರ್ಷಗಳ ನಂತರ ಲೂಕ್ ಆಲ್ಡ್ ಥಾಮಸ್ ಎಂಬ ಸಂಶೋಧಕ ಸುಮ್ನೆ ಗೂಗಲ್‌ನಲ್ಲಿ ಹುಡುಕುತ್ತಾ ಹೋದರು. ಹದಿನಾರನೇ ಪುಟದ ಸುಮಾರಿಗೆ ಅದು ಕಣ್ಣಿಗೆ ಬಿತ್ತು ಅಂತ ಅವರೇ ಹೇಳಿದ್ದಾರೆ. ಹದಿನಾರನೇ ಪುಟದವರೆಗೆ ಹೋಗುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ! ಆ ಬಿಂದುಗಳನ್ನು ಅವರು ಪುರಾತತ್ವದ ಕಣ್ಣಿನಿಂದ ಮತ್ತೆ ಸೋಸಿದರು. ಕಾಂಪೆಚೆ ರಾಜ್ಯದ ಸುಮಾರು 122 ಚದರ ಕಿಲೋಮೀಟರಿನಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು. ಅದರಲ್ಲಿ ಪ್ರಾಚೀನ ಮಾಯಾ ನಾಗರಿಕತೆಯ ಒಂದು ಇಡೀ ನಗರ. ಪಿರಮಿಡ್, ಚೆಂಡಾಟದ ಅಂಗಳ, ಅಣೆಕಟ್ಟು ಕಟ್ಟಿದ ಜಲಾಶಯ ಎಲ್ಲ ಇದ್ದವು. ಅದಕ್ಕೆ ಪಕ್ಕದ ಕೊಳದ ಹೆಸರು ಸೇರಿಸಿ ವಲೇರಿಯಾನಾ ಅಂತ ಕರೆದರು. 2024ರಲ್ಲಿ ಇದು ಪ್ರಕಟವಾಯಿತು. ತಮಾಷೆ ಅಂದರೆ, ಆ ನಗರ ದಟ್ಟ ಕಾಡಿನ ಒಳಗೆ ಎಲ್ಲೋ ಅಡಗಿರಲಿಲ್ಲ. ಹೆದ್ದಾರಿ ಹತ್ತಿರವೇ ಇತ್ತು. ಪಾಳು ಕಲ್ಲುಗಳ ನಡುವೆಯೇ ರೈತರು ಬೇಸಾಯ ಮಾಡುತ್ತಿದ್ದರು. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅಂತಾರಲ್ಲ, ಹಾಗೆ.

ಇಂಗಾಲ ಎಣಿಸಿದವರು ಆ ಫೈಲುಗಳನ್ನು ಅಳಿಸಿದ್ದರೆ?

ಅದೇ ದೇಶದ ಟಬಾಸ್ಕೋ ರಾಜ್ಯದಲ್ಲಿ ಅಗ್ವಾಡಾ ಫೆನಿಕ್ಸ್ ಎಂಬ ಹಳೆಯ ಮಾಯಾ ನೆಲೆ ಸಿಕ್ಕಿದ್ದೂ ಹೀಗೇ. ಅಲ್ಲಿ ಮೊದಲ ಸುಳಿವು ಕೊಟ್ಟದ್ದು ಸರ್ಕಾರಿ ಭೂಗೋಳ ಸಂಸ್ಥೆಯ ಸಾಧಾರಣ ಗುಣಮಟ್ಟದ ಲೈಡಾರ್. ಆಮೇಲೆ ಪುರಾತತ್ವಜ್ಞ ತಾಕೇಶಿ ಇನೊಮಾತಾ ಅವರ ತಂಡ ಹೆಚ್ಚು ಸೂಕ್ಷ್ಮವಾದ ಹಾರಾಟ ಮಾಡಿಸಿತು, ಅಗೆದೂ ನೋಡಿತು. ಉದ್ದ 1.4 ಕಿಲೋಮೀಟರ್, ಅಗಲ ಸುಮಾರು 400 ಮೀಟರ್, ಎತ್ತರ 10ರಿಂದ 15 ಮೀಟರ್ ಇರುವ ಮಣ್ಣಿನ ಜಗಲಿ. ಕಟ್ಟಿದ್ದು ಕ್ರಿಸ್ತಪೂರ್ವ 1000ದಿಂದ 800ರ ನಡುವೆ. ಇಷ್ಟು ದೊಡ್ಡದು ಯಾರಿಗೂ ಕಾಣಲಿಲ್ಲವೇ? ಕಾಣಲಿಲ್ಲ. ದೊಡ್ಡದಾಗಿದ್ದರಿಂದಲೇ ಕಾಣಲಿಲ್ಲ. ಅದರ ಮೇಲೆ ನಡೆದವರಿಗೆ ಅದು ಬರೀ ನೆಲ. ಎತ್ತರದ ಹುಲ್ಲುಗಾವಲು ಅಂದುಕೊಂಡರು, ಅಷ್ಟೆ. ಅಂಚು ಒಂದೂವರೆ ಕಿಲೋಮೀಟರ್ ನೇರವಾಗಿದೆ ಅಂತ ತಿಳಿಯಬೇಕಾದರೆ ಆಕಾಶದಿಂದ ನೋಡಬೇಕು, ಅದೂ ಮರ ಗಿಡ ತೆಗೆದು ನೋಡಬೇಕು.

ಮರ ಗಿಡ ತೆಗೆದು ಅಂದೆ. ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಲೇಸರ್ ಎಲೆಯನ್ನು ತೂರಿಕೊಂಡು ನೆಲಕ್ಕೆ ಹೋಗುತ್ತದೆ ಅಂತ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಹೋಗುವುದಿಲ್ಲ. ದೊಡ್ಡ ಮರದ ಕೆಳಗೆ ನಿಂತು ನೆಲ ನೋಡಿ. ಅಲ್ಲಲ್ಲಿ ಬಿಸಿಲಿನ ಚುಕ್ಕಿಗಳು ಬಿದ್ದಿರುತ್ತವೆ, ಅಲ್ವಾ? ಬಿಸಿಲು ಎಲೆಗಳ ಸಂದಿನಲ್ಲಿ ಇಳಿದು ಬಂದಿರುತ್ತದೆ. ಲೇಸರ್ ಕೂಡ ಅದೇ ಸಂದಿನಲ್ಲಿ ಇಳಿಯುತ್ತದೆ. ವಿಮಾನದ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತ ಕಳಿಸುತ್ತದೆ. ಹೆಚ್ಚಿನವು ಎಲೆಗೆ, ಕೊಂಬೆಗೆ ಬಡಿದು ವಾಪಸ್ ಬರುತ್ತವೆ. ಕೆಲವು ನೆಲ ಮುಟ್ಟುತ್ತವೆ. ಬೆಲೀಜ್ ದೇಶದ ಕಾರಾಕೋಲ್ ಎಂಬ ಹಳೆಯ ಮಾಯಾ ನಗರದ ಮೇಲೆ 2009ರಲ್ಲಿ ಹಾರಿದಾಗ ಒಂದು ಚದರ ಮೀಟರಿಗೆ ಸರಾಸರಿ 20 ಬಿಂದು ಸಿಕ್ಕವು. ಅವುಗಳಲ್ಲಿ ನೆಲದ್ದು ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೂ ಅದು ಸಾಕಾಯಿತು. ಪುರಾತತ್ವಜ್ಞರಾದ ಡಯಾನ್ ಮತ್ತು ಆರ್ಲೆನ್ ಚೇಸ್ ದಂಪತಿಯ ತಂಡ ಸುಮಾರು 25 ವರ್ಷ ಕಾಡಿನಲ್ಲಿ ಮಚ್ಚು ಹಿಡಿದು ಅಳೆದದ್ದು 23 ಚದರ ಕಿಲೋಮೀಟರ್. ವಿಮಾನ ಕೆಲವೇ ದಿನಗಳಲ್ಲಿ 200 ಚದರ ಕಿಲೋಮೀಟರ್ ಮುಗಿಸಿತು. ಬೆಟ್ಟದ ಇಳಿಜಾರು ತುಂಬಾ ಬೇಸಾಯದ ಮೆಟ್ಟಿಲುಗಳಿದ್ದದ್ದು ಆಗ ಒಟ್ಟಿಗೆ ಕಣ್ಣಿಗೆ ರಾಚಿತು.

ಅಳತೆಯ ಸೂಕ್ಷ್ಮ ನಿಮಗೆ ಗೊತ್ತೇ ಇದೆ. ಓದುವ ಉಳಿದವರಿಗಾಗಿ ಹೇಳುತ್ತೇನೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಹೆಚ್ಚುಕಡಿಮೆ 30 ಸೆಂಟಿಮೀಟರ್, ಒಂದು ಅಡಿ, ಹೋಗುತ್ತದೆ. ಒಂದು ಅಡಿ ಎತ್ತರದ ಒಡ್ಡಿನ ತಲೆಗೆ ಬಡಿದ ಮಿಡಿತ, ಪಕ್ಕದ ನೆಲಕ್ಕೆ ಬಡಿದದ್ದಕ್ಕಿಂತ ಎರಡು ನ್ಯಾನೋಸೆಕೆಂಡ್ ಮೊದಲು ವಾಪಸ್ ಬರುತ್ತದೆ: ಹೋಗುವಾಗ ಒಂದಡಿ, ಬರುವಾಗ ಒಂದಡಿ ಉಳಿಯುತ್ತದೆ. ಒಂದು ಊರಿನ ಬೇಲಿಯೋ, ಒಂದು ಗೋರಿಯ ಅಂಚೋ ಈ ಎರಡು ನ್ಯಾನೋಸೆಕೆಂಡಿನಲ್ಲಿ ಇರುತ್ತದೆ. ನೀವು ಅಳಿಸುವುದು ಇದನ್ನೇ.

ಅಳಿಸದೆ ಇದ್ದರೂ ಎಷ್ಟೋ ಸಲ ನಿಮ್ಮ ಫಿಲ್ಟರ್ ಅಳಿಸಿಬಿಡುತ್ತದೆ. ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಜಗಳ ಇರುವುದೇ ಇಲ್ಲಿ.

ಬಿಂದುಗಳು ಬಂದ ಮೇಲೆ ಯಾವುದು ನೆಲ, ಯಾವುದು ಗಿಡ, ಯಾವುದು ಕಟ್ಟಡ ಅಂತ ಸಾಫ್ಟ್‌ವೇರ್ ಬೇರ್ಪಡಿಸುತ್ತದೆ. ಇದೇ ಫಿಲ್ಟರ್. ಇದಕ್ಕೆ ಹಲವು ವಿಧಾನಗಳಿವೆ. ನನಗೆ ಇಷ್ಟವಾದದ್ದು ಬಟ್ಟೆ ಹೊದಿಸುವ ವಿಧಾನ. ಇಡೀ ಬಿಂದುಗಳ ರಾಶಿಯನ್ನು ತಲೆಕೆಳಗು ಮಾಡುತ್ತಾರೆ. ಈಗ ನೆಲ ಮೇಲೆ, ಮರಗಳು ಕೆಳಗೆ ನೇತಾಡುತ್ತವೆ. ಮೇಲಿನಿಂದ ಒಂದು ಬಟ್ಟೆ ಬೀಳಿಸಿದಂತೆ ಲೆಕ್ಕ ಹಾಕುತ್ತಾರೆ. ಬಟ್ಟೆ ಎಲ್ಲಿ ಕೂರುತ್ತದೋ ಅದು ನೆಲ. ಚೆನ್ನಾಗಿದೆ ಅಲ್ವಾ? ಆದರೆ ಬಟ್ಟೆ ಎಷ್ಟು ಗಡುಸು ಅಂತ ನೀವು ಮೊದಲೇ ಹೇಳಬೇಕು. ತೆಳು ಸೀರೆಯಂತಿದ್ದರೆ ಪ್ರತಿ ತಗ್ಗಿಗೂ ಇಳಿಯುತ್ತದೆ. ಗಡುಸು ಕಂಬಳಿಯಂತಿದ್ದರೆ ಸಣ್ಣ ತಗ್ಗಿನ ಮೇಲೆ ಸೇತುವೆಯಂತೆ ಹಾದು ಹೋಗುತ್ತದೆ. ತಲೆಕೆಳಗಾದಾಗ ದಿಬ್ಬವೇ ತಗ್ಗು, ನೆನಪಿರಲಿ. ಕಂಬಳಿ ಅದರೊಳಗೆ ಇಳಿಯಲಿಲ್ಲ ಅಂದರೆ ದಿಬ್ಬದ ತಲೆ ನೆಲದ ಲೆಕ್ಕದಿಂದ ಹೊರಗೆ. ಗಿಡಗಂಟಿ ಅಂತ ಬರೆದು ಪಕ್ಕಕ್ಕೆ ಹಾಕುತ್ತದೆ. ನಕ್ಷೆಯಲ್ಲಿ ಅಲ್ಲಿ ನುಣ್ಣನೆ ಮಟ್ಟಸ ನೆಲ.

ಪ್ರವಾಹದವರಿಗೆ ನುಣ್ಣನೆ ನೆಲ ಬೇಕು. ನಮಗೆ ಆ ದಿಬ್ಬ ಬೇಕು. ಇಬ್ಬರಿಗೂ ಸರಿಹೋಗುವ ಒಂದೇ ಗಡುಸುತನ ಇಲ್ಲ. ಹಾಗಾಗಿ ನಿಮ್ಮ ಫಿಲ್ಟರ್ ಬದಲಾಯಿಸಿ ಅಂತ ನಾನು ಕೇಳುತ್ತಿಲ್ಲ. ಮೂಲ ಬಿಂದುಗಳು ಕೈಯಲ್ಲಿದ್ದರೆ ನಮ್ಮ ಬಟ್ಟೆಯನ್ನು ನಾವೇ ಹೊದಿಸಿಕೊಳ್ಳುತ್ತೇವೆ. ಜತೆಗೆ ಒಂದು ಚೀಟಿಯಷ್ಟು ಮಾಹಿತಿ ಇಡಿ: ಯಾವ ತಿಂಗಳಲ್ಲಿ ಹಾರಿದಿರಿ, ಎಷ್ಟು ಎತ್ತರದಲ್ಲಿ, ಯಾವ ಯಂತ್ರ, ಫಿಲ್ಟರ್‌ಗೆ ಏನು ಹೇಳಿದಿರಿ. ಇದು ಇಲ್ಲದಿದ್ದರೆ, ಖಾಲಿ ಕಾಣುವ ಜಾಗ ನಿಜವಾಗಿ ಖಾಲಿಯೋ, ಪೊದೆ ದಟ್ಟವಾಗಿ ಬಿಂದುವೇ ಇಳಿಯಲಿಲ್ಲವೋ ಹೇಳಲು ಆಗುವುದಿಲ್ಲ. ಎಷ್ಟೋ ನಕ್ಷೆಗಳಲ್ಲಿ "ಇಲ್ಲಿ ಯಾರೂ ಇರಲಿಲ್ಲ" ಅಂತ ಕಾಣುವ ಜಾಗ ಬರೀ ಮುಳ್ಳುಪೊದೆ.

ನಮ್ಮವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬಹಳ ವರ್ಷ ನಾವು ಒಂದೇ ದಿಕ್ಕಿನಿಂದ ಬಿಸಿಲು ಬಿದ್ದಂತೆ ಕಂಪ್ಯೂಟರ್ ಮಾಡಿಕೊಟ್ಟ ನೆರಳಿನ ಚಿತ್ರ ನೋಡುತ್ತಾ ಕೂತೆವು. ರಾತ್ರಿ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಅಡ್ಡ ಇರುವ ಕಡ್ಡಿಗೂ ಉದ್ದ ನೆರಳು ಬರುತ್ತದೆ. ಟಾರ್ಚಿನ ದಿಕ್ಕಿನಲ್ಲೇ ಬಿದ್ದಿರುವ ಕಡ್ಡಿಗೆ ನೆರಳೇ ಇಲ್ಲ. ಒಡ್ಡುಗಳ ಕಥೆಯೂ ಅದೇ. ಸ್ಲೊವೇನಿಯಾದ ಕೊಕಾಲ್ಯ್, ಜಾಕ್ಷೆಕ್, ಒಶ್ತಿರ್ ಎಂಬವರು 2011ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ಟಾರ್ಚ್ ಬೇಡ. ನೆಲದ ಪ್ರತಿ ಬಿಂದುವಿನಲ್ಲಿ ನಿಂತು ನೋಡಿದರೆ ಎಷ್ಟು ಆಕಾಶ ಕಾಣುತ್ತದೆ ಅಂತ ಲೆಕ್ಕ ಹಾಕಿ. ಹಳ್ಳದಲ್ಲಿ ನಿಂತವನಿಗೆ ಕಡಿಮೆ ಆಕಾಶ, ದಿಬ್ಬದ ಮೇಲೆ ನಿಂತವನಿಗೆ ಜಾಸ್ತಿ. ಅದರಂತೆ ಕಪ್ಪು ಬಿಳುಪು ಬಳಿಯಿರಿ. ಮೊದಲ ಸಲ ಆ ಚಿತ್ರ ನೋಡಿದಾಗ, ಹತ್ತು ಸಲ ನೋಡಿದ್ದ ಅದೇ ಕಾಡಿನಲ್ಲಿ ನನಗೆ ಒಂದು ಹಳೆಯ ಗಾಡಿ ದಾರಿ ಕಂಡಿತು. ಇಳಿಜಾರಿನಲ್ಲಿ ಬೆರಳು ಬಿಡಿಸಿದಂತೆ ಐದಾರು ಕವಲು. ಒಂದು ಜಾಡು ಕೆಸರಾದಾಗ ಪಕ್ಕದಲ್ಲಿ ಇನ್ನೊಂದು ಮಾಡಿಕೊಂಡಿದ್ದಾರೆ. ಡೇಟಾ ಹಳೆಯದೇ. ನೋಡುವ ಬಗೆ ಹೊಸದು. ಮುಂದೆ ಇನ್ನೂ ಹೊಸ ಬಗೆಗಳು ಬರುತ್ತವೆ. ಆಗ ಬಿಂದುಗಳು ಇರಬೇಕಲ್ಲ.

ಈಗ ನಿಮ್ಮ ಆಕ್ಷೇಪಕ್ಕೆ ಬರುತ್ತೇನೆ. "ಎಲ್ಲರಿಗೂ ಕೊಟ್ಟರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ ಆಗಲ್ವಾ?" ಇದು ಹಗುರವಾದ ಮಾತಲ್ಲ. ಒಂದು ಗೋರಿಯ ಜಾಗ ಮೀಟರ್ ಲೆಕ್ಕದಲ್ಲಿ ಗೊತ್ತಾದರೆ ರಾತ್ರಿ ಗುದ್ದಲಿ ಹಿಡಿದು ಹೋಗುವವರು ಇದ್ದಾರೆ. ಆದರೆ ನಿಧಿಗಳ್ಳರು ಲೈಡಾರ್‌ಗೆ ಕಾಯುತ್ತಾ ಕೂತವರಲ್ಲ. ಮಾಯಾ ಕಾಡುಗಳ ಲೈಡಾರ್ ಚಿತ್ರಗಳಲ್ಲಿ ಪಿರಮಿಡ್‌ಗಳ ಹೊಟ್ಟೆ ಸೀಳಿ ಅವರು ತೋಡಿದ ಕಂದಕಗಳೇ ಎದ್ದು ಕಾಣುತ್ತವೆ. ನಮಗಿಂತ ಮೊದಲೇ ಅವರು ಹೋಗಿ ಬಂದಿದ್ದಾರೆ. ಎರಡು ಹಾರಾಟಗಳ ನಡುವೆ ಹೊಸ ಗುಂಡಿ ಬಿದ್ದಿದ್ದರೆ ಅದನ್ನು ಹಿಡಿಯಲು ಹಳೆಯ ಡೇಟಾ ಬೇಕು. ನಿಜವಾಗಿ ಸೂಕ್ಷ್ಮವಾದ ಜಾಗಗಳಿಗೆ ಬೇರೆ ನಿಯಮ ಇರಲಿ, ಕೇಳಿದವರು ಯಾರು ಅಂತ ನೋಡಿ ಕೊಡಿ. ಅಲ್ಲೇ ಬದುಕುವ ಜನ ಬೇಡ ಅಂದರೆ ಅವರ ಮಾತೇ ಮೊದಲು ನಡೆಯಲಿ. ನೆಲ ಅವರದು, ಗೋರಿಯಲ್ಲಿ ಇರುವವರು ಅವರ ಹಿರಿಯರು. ಆದರೆ ನಾಲ್ಕು ಗೋರಿಗಳ ನೆಪದಲ್ಲಿ ಇಡೀ ದೇಶದ ಡೇಟಾಗೆ ಬೀಗ ಹಾಕುವುದು ಸೋಮಾರಿತನ ಅಂತ ನನ್ನ ಅಭಿಪ್ರಾಯ.

ಆ ಜನರ ವಿಷಯ ಬಂದದ್ದರಿಂದ ಹೇಳುತ್ತೇನೆ. ನಿಮ್ಮ ಪತ್ರಿಕಾ ಪ್ರಕಟಣೆಗಳಲ್ಲಿ "ಕಳೆದುಹೋದ ನಗರ ಪತ್ತೆ" ಅಂತ ದಯವಿಟ್ಟು ಬರೆಯಬೇಡಿ. ಹೊಂಡುರಾಸ್‌ನ ಮೊಸ್ಕಿಟಿಯಾ ಕಾಡಿನಲ್ಲಿ ಲೈಡಾರ್ ಹಾರಿಸಿ ಹೀಗೆ ಸುದ್ದಿ ಮಾಡಿದಾಗ, 2015ರಲ್ಲಿ ಹಲವು ಪುರಾತತ್ವಜ್ಞರು ಸೇರಿ ಬಹಿರಂಗವಾಗಿಯೇ ಪ್ರತಿಭಟಿಸಿದರು. ಆ ಕಾಡಿನ ಜನಕ್ಕೆ ಅಲ್ಲಿ ಪಾಳು ಊರುಗಳಿರುವುದು ಗೊತ್ತಿತ್ತು. ಕಳೆದುಹೋಗಿದ್ದರೆ ಅದು ನಮ್ಮ ನಕ್ಷೆಯಿಂದ.

ಕೊಟ್ಟವರಿಗೆ ಏನಾಯಿತು ಅಂತಲೂ ನೋಡಿ. ಇಂಗ್ಲೆಂಡಿನ ಪರಿಸರ ಏಜೆನ್ಸಿ ಪ್ರವಾಹಕ್ಕಾಗಿ ಅಳೆದ ಲೈಡಾರನ್ನು 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆಕಾಶ ಬಿದ್ದುಹೋಗಲಿಲ್ಲ. ನಿವೃತ್ತರಾದವರು, ಹವ್ಯಾಸಿಗಳು ಮನೆಯಲ್ಲಿ ಕೂತು ಉತ್ತರ ಭಾಗದ ರೋಮನ್ ರಸ್ತೆಗಳನ್ನು ಹಿಡಿದುಕೊಟ್ಟರು. ಹೊಲದ ನಡುವೆ ಒಂದು ಗೆರೆ, ಮುಂದಿನ ಹೊಲದಲ್ಲಿ ಅದೇ ಗೆರೆ, ನದಿ ದಾಟಿ ಮತ್ತೆ ಅದೇ. ನೆದರ್ಲೆಂಡ್ಸ್‌ನವರು ನೀರಿನ ನಿರ್ವಹಣೆಗೆ ಇಡೀ ದೇಶ ಅಳೆದರು. ಅದೇ ಎತ್ತರದ ಡೇಟಾ ಹಿಡಿದು ವೆಲುವೆ ಪ್ರದೇಶದಲ್ಲಿ ಸಾವಿರಾರು ಸಾಮಾನ್ಯ ಜನ ಗೋರಿ ದಿಬ್ಬಗಳನ್ನೂ ಕಬ್ಬಿಣ ಯುಗದ ಹೊಲಗಳ ಬದುಗಳನ್ನೂ ಗುರುತಿಸಿದರು. ಜರ್ಮನಿಯ ಬಾಡೆನ್ ವುರ್ಟೆಂಬರ್ಗ್ ರಾಜ್ಯದ 35 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ನೆಲವನ್ನು ಪುರಾತತ್ವಜ್ಞ ರಾಲ್ಫ್ ಹೆಸ್ಸೆ ಹೀಗೇ ಜಾಲಾಡಿದರು. ಇವರಲ್ಲಿ ಯಾರೂ ಪುರಾತತ್ವಕ್ಕಾಗಿ ಹೊಸ ವಿಮಾನ ಹಾರಿಸಿಲ್ಲ.

ಪುರಾತತ್ವಕ್ಕಾಗಿಯೇ ಹಾರಿಸಿದರೆ ಚೆನ್ನ, ನಿಜ. ಕಾಂಬೋಡಿಯಾದ ಅಂಕೋರ್‌ನಲ್ಲಿ 2012ರಲ್ಲಿ ಡೇಮಿಯನ್ ಎವನ್ಸ್ ಮತ್ತು ಅವರ ಜತೆಗಾರರು 370 ಚದರ ಕಿಲೋಮೀಟರ್ ಹಾರಿಸಿದರು. ದೇವಾಲಯಗಳ ಸುತ್ತ ಬೀದಿಗಳ ಚೌಕಟ್ಟು, ಮನೆಗಳ ದಿಬ್ಬ, ಕೆರೆಗಳು ಎದ್ದು ಬಂದವು. ಗ್ವಾಟೆಮಾಲಾದಲ್ಲಿ 2016ರಲ್ಲಿ 2,144 ಚದರ ಕಿಲೋಮೀಟರ್ ಹಾರಿ 61,480 ಕಟ್ಟಡಗಳನ್ನು ಎಣಿಸಿದರು. ಆದರೆ ಅಷ್ಟು ಹಣ ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಹಾರಾಟಗಳು ಹೇಗೂ ನಡೆಯುತ್ತವೆ.

ಒಂದು ಮಾತು ನನ್ನಂಥವರಿಗೆ. ಪರದೆಯ ಮೇಲೆ ಕಂಡದ್ದೆಲ್ಲ ಇತಿಹಾಸ ಅಂದುಕೊಂಡರೆ ಕೆಟ್ಟಿರಿ. ಒಂದು ಇಳಿಜಾರು ಕಾಡಿನಲ್ಲಿ ನನಗೆ ದುಂಡನೆಯ ಜಗಲಿಗಳು ಕಂಡವು. ಒಂಬತ್ತು ಹತ್ತು ಮೀಟರ್ ಅಗಲ, ಮೇಲ್ಬದಿ ಕಡಿದು ಕೆಳಬದಿಗೆ ಮಣ್ಣು ಹಾಕಿ ಮಟ್ಟ ಮಾಡಿದ್ದು. ಸುಮಾರು ಮೂವತ್ತು. ಮೂವತ್ತು ಮನೆಗಳ ಹಳೆಯ ಊರು ಅಂತ ರಾತ್ರಿ ನಿದ್ದೆಯೇ ಬರಲಿಲ್ಲ. ಮರುವಾರ ಹೋದೆ. ಮೊದಲ ಜಗಲಿಯ ಮೇಲೆ ನಿಂತು ಬೂಟಿನ ತುದಿಯಿಂದ ತರಗೆಲೆ ಸರಿಸಿದೆ. ಕೆಳಗೆ ಮಣ್ಣು ಕಪ್ಪಗಿತ್ತು. ಕಾಡಿನ ಕಪ್ಪಲ್ಲ, ಮಸಿಯ ಕಪ್ಪು. ಚಿಟಿಕೆ ತೆಗೆದು ಉಜ್ಜಿದರೆ ಬೆರಳ ನಡುವೆ ಪುಡಿಯಾಗುವ ಇದ್ದಿಲ ಚೂರು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಇದ್ದಿಲು ಸುಡುವವರು ಸೌದೆ ಒಟ್ಟಲು ಮಾಡಿಕೊಂಡ ಜಾಗಗಳು. ಎರಡು ದಿನ ಉಗುರಿನ ಸಂದಿನ ಕಪ್ಪು ಹೋಗಲಿಲ್ಲ. ಬೇಜಾರಾಯಿತು. ಆಮೇಲೆ ಬೇಜಾರು ಯಾಕೆ ಅನ್ನಿಸಿತು. ಕಾಡಿನಲ್ಲಿ ತಿಂಗಳುಗಟ್ಟಲೆ ಒಬ್ಬನೇ ಹೊಗೆ ಕಾಯುತ್ತಾ ಕೂತ ಒಬ್ಬನ ಕೆಲಸದ ಗುರುತು ಇನ್ನೆಲ್ಲೂ ಬರೆದಿಟ್ಟಿಲ್ಲ. ಪುಸ್ತಕಗಳಲ್ಲಿ ರಾಜರು ಇದ್ದಾರೆ, ಇವನಿಲ್ಲ. ನಿಮ್ಮ ಬಿಂದುಗಳಲ್ಲಿ ಇದ್ದಾನೆ.

ಈಗ ಕಂಪ್ಯೂಟರಿಗೇ ಕಲಿಸಿ ಇಂಥ ದಿಬ್ಬಗಳನ್ನು ಹುಡುಕಿಸುತ್ತಿದ್ದಾರೆ. ಒಳ್ಳೆಯದೇ. ಅದು ಹುಲ್ಲಿನ ಬಣವೆಯನ್ನೂ, ಬುಡ ಸಮೇತ ಉರುಳಿದ ಮರದ ಮಣ್ಣುಗುಡ್ಡೆಯನ್ನೂ ಗೋರಿ ಅಂದಾಗ ಹೋಗಿ ನೋಡಲು ಬೂಟು ಹಾಕಿದ ಮನುಷ್ಯ ಬೇಕು.

ಮತ್ತೆ ನಿಮ್ಮ ಕಡೆಗೆ. ಹೊಸ ಹಾರಾಟದ ಟೆಂಡರ್ ಬರೆಯುವಾಗ ಮೂಲ ಬಿಂದುಗಳು ಇಲಾಖೆಯ ಆಸ್ತಿ, ಗುತ್ತಿಗೆದಾರ ಅವನ್ನು ಪೂರ್ತಿಯಾಗಿ ಒಪ್ಪಿಸಬೇಕು ಅಂತ ಒಂದು ಸಾಲು ಸೇರಿಸಿ. ಆ ಸಾಲು ಇಲ್ಲದ್ದರಿಂದಲೇ ಎಷ್ಟೋ ಕಡೆ ಬರೀ ನಕ್ಷೆ ಕೈಗೆ ಬರುತ್ತದೆ. ಮರಗಳು ಎಲೆ ಉದುರಿಸುವ ಕಡೆ ಉದುರಿದ ಮೇಲೆ ಹಾರಿ, ಹೊಸ ಚಿಗುರಿಗೆ ಮೊದಲು. ಹಿಮ ಇರಬಾರದು, ಕೆಳಗಿನ ಜರಿಗಿಡ ಒಣಗಿ ಬಿದ್ದಿರಬೇಕು. ಅಂಥ ವಾರಗಳು ವರ್ಷಕ್ಕೆ ಕೆಲವೇ ಇರುತ್ತವೆ ಅಂತ ಗೊತ್ತು. ಬೇರೆ ಕೆಲಸಕ್ಕೂ ಅದೇ ವಾರಗಳು ಒಳ್ಳೆಯವು, ನಿಮ್ಮ ನೆಲದ ಲೆಕ್ಕವೂ ಸರಿ ಬರುತ್ತದೆ.

ಹಳೆಯ ಹಾರಾಟಗಳ ಟೇಪು, ಡಿಸ್ಕು ಯಾವುದಾದರೂ ಗೋದಾಮಿನಲ್ಲಿ ಬಿದ್ದಿದ್ದರೆ ಎಸೆಯುವ ಮೊದಲು ಒಂದು ಸಾರ್ವಜನಿಕ ಸೂಚನೆ ಹಾಕಿ. ಹೊತ್ತುಕೊಂಡು ಹೋಗಲು ಜನ ಬರುತ್ತಾರೆ. ನಾನಂತೂ ಬರುತ್ತೇನೆ, ಕೇಬಲ್ಲೂ ನಾನೇ ತರುತ್ತೇನೆ.

ಇಂತಿ,
ನೀವು ಅಳೆದ ನೆಲದ ಮೇಲೆ ನಡೆಯುವ ಒಬ್ಬ